ಅಧೀನ ವಾಕ್ಯದಲ್ಲಿ ‘ಹ್ಯಾಡ್’: ಕೊಪ್ಪಳ ಸೀಮೆಯ ಕನ್ನಡದ ಹಿನ್ನೆಲೆಯಲ್ಲಿ

1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾದ ಕೊಪ್ಪಳದ ಮೂಲ ತಾಲ್ಲೂಕುಗಳು ನಾಲ್ಕು: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಇಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಪದವಿ ತರಗತಿಗೆ ಬರುವ ವಿದ್ಯಾರ್ಥಿಯ ಇಂಗ್ಲಿಷ್ ಬರವಣಿಗೆಯಲ್ಲಿ ‘ಹ್ಯಾಡ್’ ಎಂಬ ಸಹಾಯಕ ಕ್ರಿಯಾಪದವು ಬೇಡದ ಕಡೆ ಕಾಣಿಸಿಕೊಳ್ಳುತ್ತದೆ, ಬೇಕಾದ ಕಡೆ ಬಿಟ್ಟುಹೋಗುತ್ತದೆ. ‘ಯೆಸ್ಟರ್‌ಡೇ ಐ ಹ್ಯಾಡ್ ಗಾನ್ ಟು ಗಂಗಾವತಿ’ ಎಂದು ಬರೆದವನೇ ಮುಂದಿನ ಸಾಲಿನಲ್ಲಿ ‘ಹೀ ಸೆಡ್ ದಟ್ ದ ಬಸ್ ಹ್ಯಾಸ್ ಗಾನ್’ ಎಂದು ಬರೆಯುತ್ತಾನೆ. ಇದು ಈ ಸೀಮೆಗಷ್ಟೇ ಸೀಮಿತವಾದ ಲಕ್ಷಣವಲ್ಲ. ಇದನ್ನು ಅಜ್ಞಾನವೆಂದು ಕೆಂಪುಗೆರೆ ಎಳೆಯುವುದು ರೂಢಿ. ಆದರೆ ಎರಡೂ ವಾಕ್ಯಗಳ ಹಿಂದೆ ಕೆಲಸ ಮಾಡುತ್ತಿರುವುದು ಒಂದು ಸುಸಂಗತವಾದ ವ್ಯಾಕರಣವೇ. ಅದು ಕನ್ನಡದ ವ್ಯಾಕರಣವಾದ್ದರಿಂದ ಈ ಪ್ರಶ್ನೆ ಇಂಗ್ಲಿಷ್ ಅಧ್ಯಾಪಕರಿಗೆ ಮಾತ್ರ ಸೇರಿದ್ದಲ್ಲ.

ಹ್ಯಾನ್ಸ್ ರೈಖನ್‌ಬಾಖ್ 1947ರಲ್ಲಿ ಕ್ರಿಯಾಪದದ ಕಾಲವನ್ನು ವಿವರಿಸಲು ಮೂರು ಬಿಂದುಗಳನ್ನು ಗುರುತಿಸಿದನು: ಮಾತಾಡುವ ಗಳಿಗೆ, ಘಟನೆಯ ಗಳಿಗೆ, ಘಟನೆಯನ್ನು ಯಾವ ನೆಲೆಯಿಂದ ನೋಡಲಾಗುತ್ತದೆಯೋ ಆ ನಿರ್ದೇಶದ ಗಳಿಗೆ. ಇಂಗ್ಲಿಷಿನ ಪೂರ್ಣಭೂತಕ್ಕೆ ಈ ಮೂರನೆಯದು ಅನಿವಾರ್ಯ. ಭೂತಕಾಲದ ಒಂದು ನೆಲೆಯಿಂದ ಅದಕ್ಕೂ ಹಿಂದಿನದನ್ನು ನೋಡುವಾಗ ಅದು ಬರುತ್ತದೆ. ಅಧೀನ ವಾಕ್ಯ ಅದರ ಸಹಜ ನೆಲೆಯಾಗಲು ಇದೇ ಕಾರಣ. ಪ್ರಧಾನ ವಾಕ್ಯವು ಆ ನಿರ್ದೇಶದ ಗಳಿಗೆಯನ್ನು ಒದಗಿಸಿರುತ್ತದೆ.

ಕನ್ನಡದ ‘ಹೋಗಿದ್ದೆ’ ಹಾಗಲ್ಲ. ‘ನಿನ್ನಿ ಎಲ್ಲಿ ಹೋಗಿದ್ಯೋ ತಮ್ಮಾ?’ ಎಂಬ ಪ್ರಶ್ನೆಗೆ ‘ಗಂಗಾವತಿಗೆ ಹೋಗಿದ್ನಿ’ ಎಂಬುದು ಸಹಜವಾದ ಉತ್ತರ. ಇಲ್ಲಿ ಇನ್ನೊಂದು ಭೂತಘಟನೆಯ ಸುಳಿವೇ ಇಲ್ಲ. ಹೋದದ್ದು, ಅಲ್ಲಿ ಇದ್ದದ್ದು, ಈಗ ಅಲ್ಲಿ ಇಲ್ಲದಿರುವುದು ಈ ಒಂದು ಪದದಲ್ಲಿ ಅಡಗಿವೆ. ‘ಗಂಗಾವತಿಗೆ ಹೋದೆ’ ಎಂದರೆ ಕೇಳುವವನು ‘ಆಮೇಲೆ?’ ಎಂದು ಕಾಯುತ್ತಾನೆ. ‘ಹೋಗಿದ್ದೆ’ ಎಂದರೆ ಮಾತು ಅಲ್ಲಿಗೆ ಮುಗಿಯುತ್ತದೆ. ‘ಹೋಗಿ’ ಎಂಬ ಭೂತನ್ಯೂನಕ್ಕೆ ‘ಇರು’ ಧಾತುವಿನ ಭೂತರೂಪ ಸೇರಿದಾಗ ಹುಟ್ಟುವುದು ಮುಗಿದುಹೋದ ಸ್ಥಿತಿಯ ಅರ್ಥ. ಮಾರ್ಗದರ್ಶಿ ಪುಸ್ತಕಗಳು ‘ಹ್ಯಾಡ್ ಗಾನ್ = ಹೋಗಿದ್ದೆ’ ಎಂದು ಸಮೀಕರಣ ಕೊಟ್ಟಾಗ ವಿದ್ಯಾರ್ಥಿ ಅದನ್ನು ಪ್ರಾಮಾಣಿಕವಾಗಿಯೇ ಪಾಲಿಸುತ್ತಾನೆ.

ಇನ್ನು ಅಧೀನ ವಾಕ್ಯ. ಇಂಗ್ಲಿಷಿನಲ್ಲಿ ಪೂರ್ಣ ಕ್ರಿಯಾಪದ ಇರುವೆಡೆ ಕನ್ನಡ ಬಹುಮಟ್ಟಿಗೆ ಕೃದಂತವನ್ನೇ ಇಡುತ್ತದೆ. ‘ಬಿತ್ತಿ ಗೋವಾಕ್ಕೆ ದುಡಿಯಾಕ ಹೋದ’ ಎಂಬ ಯಲಬುರ್ಗಾದ ಮಾತಿನಲ್ಲಿ ಯಾವುದು ಮೊದಲು ಎಂಬ ಸಂದೇಹಕ್ಕೆ ಎಡೆಯಿಲ್ಲ. ‘ಬಿತ್ತಿ’ ಎಂಬ ಭೂತನ್ಯೂನವೇ ಅದನ್ನು ಹೇಳಿಬಿಟ್ಟಿದೆ. ಇಂಗ್ಲಿಷ್ ಇದನ್ನು ‘ವೆನ್ ಹೀ ಹ್ಯಾಡ್ ಸೋನ್ ದ ಫೀಲ್ಡ್’ ಎಂದು ಹೇಳಬೇಕಾಗುತ್ತದೆ. ‘ಆಫ್ಟರ್’, ‘ಬಿಫೋರ್’ ಇದ್ದಲ್ಲಿ ಆ ಪದಗಳೇ ಕ್ರಮವನ್ನು ಹೊರುವುದರಿಂದ ‘ಹ್ಯಾಡ್’ ಬಿಟ್ಟರೂ ನಡೆಯುತ್ತದೆ. ‘ವೆನ್’ ಬಂದಲ್ಲಿ ಮಾತ್ರ ಅದನ್ನು ಬಿಟ್ಟರೆ ಎರಡು ಘಟನೆಗಳು ಒಟ್ಟಿಗೆ ನಡೆದಂತಾಗುತ್ತದೆ. ‘ಬಿತ್ತಿದ ಮೇಲೆ’ಗೂ ‘ಬಿತ್ತುವಾಗ’ಕ್ಕೂ ಇರುವ ಅಂತರವನ್ನು ತೋರಿಸಿದರೆ ಇದು ಕ್ಷಣದಲ್ಲಿ ಅರ್ಥವಾಗುವ ಸಂಗತಿ. ‘ತಂದೆ ಮಾರಿದ ಹೊಲವನ್ನು ಮಗ ಮರಳಿ ಕೊಂಡ’ ಎಂಬಲ್ಲಿಯೂ ‘ಮಾರಿದ’ ಸಾಕು. ಇಂಗ್ಲಿಷ್ ‘ಹ್ಯಾಡ್ ಸೋಲ್ಡ್’ ಎಂದರೆ ಹೆಚ್ಚು ಸ್ಪಷ್ಟ.

ನಿಜವಾದ ತೊಡಕು ಇರುವುದು ‘ಎಂದು’ ಅಥವಾ ‘ಅಂತ’ ಬರುವ ವಾಕ್ಯಗಳಲ್ಲಿ. ‘ಮಗ ಕುಷ್ಟಗಿಯಿಂದ ಬಂದಿದ್ದಾನೆ ಎಂದು ತಾಯಿ ಹೇಳಿದಳು’ ಎಂಬಲ್ಲಿ ಪ್ರಧಾನ ಕ್ರಿಯೆ ಭೂತದಲ್ಲಿದ್ದರೂ ಒಳಗಿನ ಕ್ರಿಯಾಪದ ತಾಯಿ ಆಡಿದಾಗ ಇದ್ದಂತೆಯೇ ಉಳಿಯುತ್ತದೆ. ಇಂಗ್ಲಿಷ್ ಅದನ್ನು ‘ಹ್ಯಾಡ್ ಕಮ್’ ಎಂದು ಹಿಂದಕ್ಕೆ ಸರಿಸುತ್ತದೆ. ಮೇಲೆ ಹೇಳಿದ ‘ಹ್ಯಾಸ್ ಗಾನ್’ ಹುಟ್ಟಿದ್ದು ಇಲ್ಲಿಂದಲೇ. ತಾಯಿ ‘ಬಂದ’ ಎಂದಿದ್ದರೂ, ‘ಬಂದಿದ್ದ’ ಎಂದಿದ್ದರೂ ವರದಿಯಾಗುವಾಗ ಇಂಗ್ಲಿಷಿನಲ್ಲಿ ಸಿದ್ಧವಾಗುವ ರೂಪ ‘ಹ್ಯಾಡ್ ಕಮ್’. ಕನ್ನಡದ ಮೂರು ರೂಪಗಳು ಒಂದರಲ್ಲಿ ಕರಗುತ್ತವೆ. ಆದರೆ ‘ಬಂದಿದ್ದಾನೆ’ ಎಂದರೆ ಮಗ ಮನೆಯಲ್ಲಿದ್ದಾನೆ. ‘ಬಂದಿದ್ದ’ ಎಂದರೆ ಬಂದು ಹೋಗಿದ್ದಾನೆ.

ಇದು ಅಂಕಪಟ್ಟಿಯ ಮಾತಷ್ಟೇ ಅಲ್ಲ. ಕರ್ನಾಟಕದ ಅಧೀನ ನ್ಯಾಯಾಲಯಗಳ ಭಾಷೆ ಕನ್ನಡ, ಉಚ್ಚ ನ್ಯಾಯಾಲಯದ್ದು ಇಂಗ್ಲಿಷ್. ಯಲಬುರ್ಗಾದ ಸಾಕ್ಷಿಯ ಹೇಳಿಕೆ ಮೇಲ್ಮನವಿಯೊಂದಿಗೆ ಧಾರವಾಡ ಪೀಠಕ್ಕೆ ಹೋಗಬೇಕಾದರೆ ಅನುವಾದವಾಗಬೇಕು. ‘ಅಂವ ಮನಿಗೆ ಬಂದಾನ ಅಂತ ಹೇಳಿದ್ರು’ ಎಂಬುದೂ ‘ಬಂದಿದ್ದ ಅಂತ ಹೇಳಿದ್ರು’ ಎಂಬುದೂ ವ್ಯಾಕರಣ ತಪ್ಪದೆ ಒಂದೇ ಇಂಗ್ಲಿಷ್ ವಾಕ್ಯವಾದರೆ, ಆ ಗಳಿಗೆಯಲ್ಲಿ ಆತ ಮನೆಯಲ್ಲಿದ್ದನೇ ಇಲ್ಲವೇ ಎಂಬುದು ಕಡತದಿಂದ ಕಾಣೆಯಾಗುತ್ತದೆ. ಅನುವಾದಕನು ‘ಅಂಡ್ ವಾಸ್ ಸ್ಟಿಲ್ ದೇರ್’ ಎಂಬಂಥ ಪದಗಳನ್ನು ಸೇರಿಸಿ ಅದನ್ನು ಉಳಿಸಬೇಕು. ಹಾಗೆ ಉಳಿಸಬೇಕೆಂದು ಅವನಿಗೆ ಹೇಳಿಕೊಡುವ ವ್ಯಾಕರಣ ಪಾಠ ಬೇಕು.

ಶಾಲಾ ವ್ಯಾಕರಣ ಈ ಕೆಲಸಕ್ಕೆ ಸಾಲದು. 13ನೆಯ ಶತಮಾನದ ಕೇಶಿರಾಜನು ದ, ದಪ, ವ ಎಂಬ ಪ್ರತ್ಯಯಗಳಿಂದ ಮೂರು ಕಾಲಗಳನ್ನು ಹೇಳಿದನು. ಹೊಸಗನ್ನಡದ ಪಾಠಗಳು ಪ್ರತ್ಯಯ ಬದಲಿಸಿದರೂ ಬಹುಪಾಲು ಆ ಮೂರರಲ್ಲೇ ನಿಂತಿವೆ. ‘ಬಂದಿದ್ದ’, ‘ಬಂದಿದ್ದಾನೆ’ಗಳಿಗೆ ಅಲ್ಲಿ ಸರಿಯಾದ ಮನೆಯಿಲ್ಲ. ಡಿ.ಎನ್. ಶಂಕರ ಭಟ್ಟರು 2000ದಲ್ಲಿ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಕೃತಿಯಲ್ಲಿ ಎತ್ತಿದ ಆಗ್ರಹ ಸಂಸ್ಕೃತದ ಚೌಕಟ್ಟನ್ನು ಕುರಿತದ್ದು. ಇಂಗ್ಲಿಷ್ ಕಾಲಗಳ ಕೋಷ್ಟಕವನ್ನು ಕನ್ನಡದ ಮೇಲೆ ಹೊದಿಸುವ ಮಾರ್ಗದರ್ಶಿಗಳಿಗೂ ಅದು ಅಷ್ಟೇ ಅನ್ವಯಿಸುತ್ತದೆ.

ಪಾಠವನ್ನು ಎಲ್ಲಿಂದ ಆರಂಭಿಸಬೇಕು? ಎರಡು ಭಾಷೆಗಳೂ ಕೂಡುವ ಅಧೀನ ವಾಕ್ಯವೊಂದಿದೆ. ಕಾಲುವೆ ನೀರಿನ ಗಂಗಾವತಿಯ ಭತ್ತದ ಗದ್ದೆಗಿಂತ, ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾದ ಹೊಲಗಳಲ್ಲಿ ಅದು ಹೆಚ್ಚು ಕೇಳಿಬರುವಂಥದ್ದು: ‘ಮಳಿ ಬಂದಿದ್ರ ಬೆಳಿ ಬರ್ತಿತ್ತು.’ ಬಾರದ ಮಳೆಯನ್ನು ಕುರಿತ ಈ ಪಕ್ಷಾರ್ಥಕದಲ್ಲಿ ‘ಇದ್ದ’ ಅಧೀನ ವಾಕ್ಯದೊಳಗೇ ಇದೆ. ‘ಇಫ್ ಇಟ್ ಹ್ಯಾಡ್ ರೇನ್ಡ್’ ಅದಕ್ಕೆ ನೇರವಾಗಿ ಹೊಂದುತ್ತದೆ. ಇಲ್ಲಿ ಕಲಿತ ‘ಹ್ಯಾಡ್’ ಗಟ್ಟಿಯಾದ ಬಳಿಕ ‘ವೆನ್’ ವಾಕ್ಯಗಳಿಗೂ, ಕೊನೆಗೆ ವರದಿ ವಾಕ್ಯಗಳಿಗೂ ಹೋಗುವುದು ಸುಗಮ. ನಿಷೇಧರೂಪದಲ್ಲಿ ಮಾತ್ರ ಎಚ್ಚರ ಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಕ್ರಸ್ಟ್ ಗೇಟ್ ಕೊಚ್ಚಿಹೋಯಿತು. ‘ಗೇಟು ಹೋಗದಿದ್ದರೆ ನೀರು ಉಳಿಯುತ್ತಿತ್ತು’ ಎಂಬುದು ಆ ರಾತ್ರಿಯನ್ನು ಕುರಿತದ್ದು. ‘ಗೇಟು ಹೋಗದಿದ್ದರೆ ನೀರು ಉಳಿಯುತ್ತದೆ’ ಎಂಬುದು ಮುಂದಿನದನ್ನು ಕುರಿತದ್ದು. ‘ಹೋಗದಿದ್ದರೆ’ ಎರಡೂ ಕಡೆ ಒಂದೇ. ಮೊದಲನೆಯದಕ್ಕೆ ‘ಹ್ಯಾಡ್ ನಾಟ್’ ಬೇಕು, ಎರಡನೆಯದಕ್ಕೆ ‘ಡಸ್ ನಾಟ್’. ಯಾವುದೆಂದು ತಿಳಿಯಲು ವಿದ್ಯಾರ್ಥಿ ವಾಕ್ಯದ ಕೊನೆಯವರೆಗೆ ಓದಿ ಪ್ರಧಾನ ಕ್ರಿಯಾಪದವನ್ನು ನೋಡಬೇಕಾಗುತ್ತದೆ.