ಸೀಸೆಯೊಳಗಿನ ಮದ್ದೂ ಅದನ್ನು ಹಿಡಿದ ಕೈಯೂ

ಪ್ಲೇಗೆಂಬ ಹೆಸರನ್ನು ಈಗಿನ ಹುಡುಗಿಯರು ಚರಿತ್ರೆಯ ಪಾಠದಲ್ಲಿ ಮಾತ್ರ ಓದುತ್ತಾರೆ. ಹಿಂದಿನ ತಲೆಯ ಅಜ್ಜಿಯರಿಗೋ ಅದು ಕಾಲವನ್ನು ಎಣಿಸುವ ಮಾತಾಗಿತ್ತು. ಇಂಥವನು ಪ್ಲೇಗಿನ ವರ್ಷದಲ್ಲಿ ಹುಟ್ಟಿದನು, ಇಂಥವರ ಮನೆ ಪ್ಲೇಗಿನಲ್ಲಿ ದೀಪವಿಲ್ಲದೆ ಹೋಯಿತು ಎಂದು ಅವರು ಹೇಳುತ್ತಿದ್ದರು. ಇಲಿ ಬಿದ್ದ ಸುದ್ದಿ ಕೇಳಿದೊಡನೆ ಜನರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಕಟ್ಟಿಕೊಳ್ಳುತ್ತಿದ್ದ ಆ ದಿನಗಳಲ್ಲಿ, ಈ ರೋಗಕ್ಕೆ ತಡೆಮದ್ದೊಂದು ದೊರೆತಿತ್ತು. ಹೀಗಿದ್ದರೂ ಬಹು ಜನರು ಅದರಿಂದ ದೂರ ಓಡಿದರು. ಅವರು ಅಜ್ಞಾನಿಗಳಾಗಿದ್ದದರಿಂದ ಓಡಿದರೆಂದು ಹೇಳಿ ಮುಗಿಸುವದು ಸುಲಭ. ಆದರೆ ನಡೆದ ಸಂಗತಿಗಳನ್ನು ಕ್ರಮವಾಗಿ ನೋಡಿದರೆ ಆ ಉತ್ತರವು ಸಾಲದೆಂದು ತೋರುವದು.

1896ನೆಯ ಇಸವಿಯಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಆಗ ಸರಕಾರದವರು ವಾಲ್ಡೆಮಾರ್ ಹಾಫ್ಕಿನ್ ಎಂಬ ಶಾಸ್ತ್ರಜ್ಞನನ್ನು ಅಲ್ಲಿಗೆ ಕರಿಸಿದರು. ಆತನು ಒಡೆಸ್ಸಾ ಪಟ್ಟಣದಲ್ಲಿ ಹುಟ್ಟಿದ ಯೆಹೂದ್ಯನು. ಪ್ಯಾರಿಸಿನ ಪಾಸ್ಚರ್ ಸಂಸ್ಥೆಯಲ್ಲಿ ಕೆಲಸಮಾಡಿ, 1893ರಲ್ಲಿ ಕಾಲರಾ ಮದ್ದಿನೊಡನೆ ಕಲಕತ್ತೆಗೆ ಬಂದವನು. ವೃತ್ತಿಯಿಂದ ಆತನು ವೈದ್ಯನಲ್ಲ, ಪ್ರಾಣಿಶಾಸ್ತ್ರವನ್ನು ಕಲಿತವನು. ಸರಕಾರದ ವೈದ್ಯರಲ್ಲಿ ಕೆಲವರಿಗೆ ಇದು ಸೇರದೆ ಇದ್ದದು ಮುಂದೆ ಆತನಿಗೆ ಕೇಡಾಯಿತು.

ಆತನು ಮದ್ದನ್ನು ಸಿದ್ಧಪಡಿಸಿದ ರೀತಿಯು ತಿಳಿಯತಕ್ಕದ್ದು. ಗಾಜಿನ ಪಾತ್ರೆಯಲ್ಲಿ ಮಾಂಸದ ಸಾರನ್ನು ತುಂಬಿ, ಅದರ ಮೇಲೆ ತುಪ್ಪದ ಹನಿಗಳನ್ನು ತೇಲಬಿಟ್ಟು, ಅದರೊಳಗೆ ಪ್ಲೇಗಿನ ಕ್ರಿಮಿಗಳನ್ನು ಬಿತ್ತುವರು. ಕ್ರಿಮಿಗಳು ಆ ಹನಿಗಳ ಅಡಿಯಲ್ಲಿ ಅಂಟಿಕೊಂಡು, ಗವಿಯ ಮಾಳಿಗೆಯಿಂದ ಇಳಿಬಿದ್ದ ಕಲ್ಲಿನ ಸಲಾಕೆಗಳ ಹಾಗೆ ಕೆಳಗೆ ಬೆಳೆಯುವವು. ಬಳಿಕ ಸಾರನ್ನು ಕಾಯಿಸಿ ಕ್ರಿಮಿಗಳನ್ನು ಕೊಂದು, ಅದನ್ನು ಸೀಸೆಗಳಲ್ಲಿ ತುಂಬುವರು. ಸತ್ತ ಕ್ರಿಮಿಯು ರೋಗವನ್ನು ತರಲಾರದು. ಆದರೆ ದೇಹವು ಅದರ ಗುರುತು ಹಿಡಿದು ಜೀವವುಳ್ಳ ಕ್ರಿಮಿಯನ್ನು ಎದುರಿಸಲು ಕಲಿಯುವದು. ಹಿಂದೂ ಜನರಿಗಾಗಲಿ ಮುಸಲ್ಮಾನರಿಗಾಗಲಿ ಮನಸ್ಸು ನೋಯಬಾರದೆಂದು ಆ ಸಾರಿಗೆ ಆಡಿನ ಮಾಂಸವನ್ನು ಆರಿಸಿಕೊಂಡರು. ಇದನ್ನು ಚಿಕ್ಕ ಸಂಗತಿಯೆಂದು ನಾನು ಎಣಿಸೆನು.

1897ನೆಯ ಜನವರಿ 10ರಂದು ಹಾಫ್ಕಿನನು ಮೊದಲು ತನ್ನ ಮೈಗೇ ಆ ಮದ್ದನ್ನು ಚುಚ್ಚಿಸಿಕೊಂಡನು. ಅದೇ ತಿಂಗಳಲ್ಲಿ ಬೈಕಲ್ಲಾ ಸೆರೆಮನೆಯಲ್ಲಿ ರೋಗವು ಹುಟ್ಟಿದಾಗ, ಇಚ್ಛೆಯುಳ್ಳ ಕೈದಿಗಳಿಗೆ ಮಾತ್ರ ಅದನ್ನು ಕೊಟ್ಟು, ಕೊಳ್ಳದೆ ಇದ್ದವರೊಡನೆ ಹೋಲಿಸಿ ನೋಡಿದನು. ಕೊಂಡವರಲ್ಲಿ ರೋಗವು ಬಹಳ ಕಡಿಮೆಯಾಗಿತ್ತು. ತರುಣನಾಗಿದ್ದ ಆಗಾ ಖಾನರು ತಮ್ಮ ಜನರ ಭಯವನ್ನು ನೀಗಿಸುವದಕ್ಕಾಗಿ ಎಲ್ಲರೆದುರಿನಲ್ಲಿ ಚುಚ್ಚಿಸಿಕೊಂಡರು.

ಅತ್ತಲಾಗಿ ಸರಕಾರದವರು ಬೇರೊಂದು ದಾರಿಯನ್ನು ಹಿಡಿದರು. 1897ನೆಯ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆಯು ಹೊರಟು, ಅಧಿಕಾರಿಗಳಿಗೆ ಮಿತಿಯಿಲ್ಲದಷ್ಟು ಅಧಿಕಾರವು ಬಂತು. ಪುಣೆಯಲ್ಲಿ ರ್‍ಯಾಂಡ್ ಎಂಬ ಅಧಿಕಾರಿಯ ಕೈಕೆಳಗೆ ಗೋರಾ ಸಿಪಾಯಿಗಳು ಮನೆಮನೆಯನ್ನು ಶೋಧಿಸಿದರು. ಅಡಿಗೆಮನೆ, ದೇವರಮನೆಗಳೆಂಬ ಭೇದವಿಲ್ಲದೆ ಒಳಹೊಕ್ಕು, ಸಾಮಾನುಗಳನ್ನು ಬೀದಿಗೆಸೆದು ಸುಟ್ಟರು. ಗೆಡ್ಡೆ ಎದ್ದಿದೆಯೋ ಎಂದು ನೋಡುವದಕ್ಕಾಗಿ ಪರಪುರುಷರು ಹೆಂಗಸರ ಮೈ ಮುಟ್ಟುವರೆಂಬದೇ ಎಲ್ಲಕ್ಕಿಂತ ದೊಡ್ಡ ಭಯವಾಗಿತ್ತು. ಈ ಮಾತನ್ನು ಓದುವ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಿಗೆ ನಾನು ಇನ್ನೇನೂ ವಿವರಿಸಬೇಕಾದದ್ದಿಲ್ಲ. ರೋಗಿಯನ್ನು ಮುಚ್ಚಿಡುವದು ಮನೆಯ ಮಾನವನ್ನು ಕಾಯುವದೆಂದಾಯಿತು. ಜೂನ್ 22ರ ರಾತ್ರಿಯಲ್ಲಿ ಚಾಪೇಕರ್ ಸಹೋದರರು ರ್‍ಯಾಂಡನಿಗೆ ಗುಂಡು ಹೊಡೆದರು. ಬಳಿಕ ‘ಕೇಸರಿ’ಯ ಲೇಖನಗಳಿಗಾಗಿ ತಿಲಕರಿಗೆ ರಾಜದ್ರೋಹದ ಶಿಕ್ಷೆಯಾಯಿತು. ಹೀಗೆ ಇಲಿಯ ರೋಗವು ರಾಜಕೀಯದ ಮಾತಾಯಿತು.

ಅದೇ ಪುಣೆಯಲ್ಲಿ, ಹೆಣ್ಣುಮಕ್ಕಳಿಗೆ ಶಾಲೆಗಳನ್ನು ತೆರೆದ ಸಾವಿತ್ರಿಬಾಯಿ ಫುಲೆಯವರು ರೋಗಿಗಳ ಶುಶ್ರೂಷೆ ಮಾಡುತ್ತ, ತಾವೂ ಪ್ಲೇಗು ಹತ್ತಿ, 1897ನೆಯ ಮಾರ್ಚ್ 10ರಂದು ತೀರಿಕೊಂಡರು. ಆ ಊರಿನವರು ಎಲ್ಲ ಆರೈಕೆಯನ್ನೂ ದ್ವೇಷಿಸಿದರೆಂದು ಯಾರೂ ಹೇಳಲಾರರು. ರೋಗಿಯ ಬಳಿಗೆ ಬಂದ ಕೈ ಯಾವದೆಂಬದನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು.

ಮರುವರ್ಷ ನಮ್ಮ ಹುಬ್ಬಳ್ಳಿಯಲ್ಲಿ ನಡೆದದ್ದನ್ನು ಇದರೊಡನೆ ಹೋಲಿಸಬಹುದು. ಅಲ್ಲಿ 1898ರಲ್ಲಿ ಮೂವತ್ತು ಸಾವಿರಕ್ಕೂ ಮೀರಿದ ಜನರು ಹಾಫ್ಕಿನನ ಮದ್ದನ್ನು ಚುಚ್ಚಿಸಿಕೊಂಡರು. ಚುಚ್ಚಿಸಿಕೊಂಡವರಿಗೆ ಕೆಲವು ನಿರ್ಬಂಧಗಳಿಂದ ಬಿಡುಗಡೆ ದೊರೆಯುತ್ತಿದ್ದದರಿಂದ, ಅವರೆಲ್ಲರೂ ಶುದ್ಧ ನಂಬಿಕೆಯಿಂದಲೇ ತೋಳನ್ನು ಒಡ್ಡಿದರೆಂದು ನಾನು ಹೇಳುವದಿಲ್ಲ. ಆದರೂ ಅದೇ ಮದ್ದು, ಅದೇ ಸರಕಾರ. ಬಂದ ರೀತಿ ಬೇರೆಯಾಗಿತ್ತು.

ಇನ್ನು ಕಥೆಯ ಕಠಿಣವಾದ ಭಾಗಕ್ಕೆ ಬರೋಣ. ಜನರ ಭಯವು ಒಂದು ಸಲ ನಿಜವೂ ಆಯಿತು. 1902ನೆಯ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಮದ್ದು ಚುಚ್ಚಿದರು. ಅವರಲ್ಲಿ 19 ಜನರು ಧನುರ್ವಾಯುವಿನಿಂದ ಸತ್ತರು. ಆ ಹತ್ತೊಂಬತ್ತು ಜನರಿಗೂ 53-ಎನ್ ಎಂಬ ಒಂದೇ ಸೀಸೆಯಿಂದ ಮದ್ದು ಹೋಗಿತ್ತು.

ವಿಷವು ಎಲ್ಲಿ ಸೇರಿತು? ಮುಂಬಯಿಯ ಪ್ರಯೋಗಶಾಲೆಯಲ್ಲಿಯೋ, ಹಳ್ಳಿಯಲ್ಲಿ ಸೀಸೆ ತೆರೆದಾಗಲೋ? ಹಾಫ್ಕಿನನು ಮದ್ದಿಗೆ ಕಾರ್ಬಾಲಿಕ್ ಆಸಿಡ್ ಬೆರಸುವ ಪದ್ಧತಿಯನ್ನು ಬಿಟ್ಟು, ಕಾಯಿಸಿ ಶುದ್ಧಮಾಡುವದನ್ನೇ ನೆಚ್ಚಿಕೊಂಡಿದ್ದನು. ಸರಕಾರವು ನೇಮಿಸಿದ ವಿಚಾರಣಾ ಮಂಡಲಿಯವರು ಇದನ್ನು ಹಿಡಿದು, ಸೀಸೆಯನ್ನು ತೆರೆಯುವ ಮೊದಲೇ ಅದು ಕೆಟ್ಟಿತ್ತೆಂದು ತೀರ್ಮಾನಿಸಿದರು. ಆತನು ಪ್ರಯೋಗಶಾಲೆಯ ಮುಖ್ಯಸ್ಥನ ಸ್ಥಾನವನ್ನು ಕಳೆದುಕೊಂಡನು. ಪಂಜಾಬಿನಲ್ಲಿ ಚುಚ್ಚುಮದ್ದಿನ ಕೆಲಸವು ಬಹುಮಟ್ಟಿಗೆ ನಿಂತುಹೋಯಿತು. ಮುಂದಿನ ವರ್ಷಗಳಲ್ಲಿ ಆ ಪ್ರಾಂತದಲ್ಲಿ ಪ್ಲೇಗಿನಿಂದ ಲಕ್ಷಗಟ್ಟಲೆ ಜನರು ಸತ್ತರು.

ಆದರೆ ಸಾಕ್ಷ್ಯದ ಕಾಗದಗಳಲ್ಲಿಯೇ ಇನ್ನೊಂದು ಸಂಗತಿಯಿತ್ತು. ಆ ಸೀಸೆಯನ್ನು ತೆರೆಯುವಾಗ ಸಹಾಯಕನ ಕೈಯಿಂದ ಇಕ್ಕಳವು ನೆಲಕ್ಕೆ ಬಿದ್ದಿತ್ತು. ಅದನ್ನು ಬೆಂಕಿಯಲ್ಲಿ ಹಿಡಿಯಬೇಕಾಗಿತ್ತು; ಆತನು ಕಾರ್ಬಾಲಿಕ್ ನೀರಿನಲ್ಲಿ ಅಲ್ಲಾಡಿಸಿ ತೆಗೆದನು. ಧನುರ್ವಾಯುವಿನ ಕ್ರಿಮಿಯು ವಾಸಿಸುವದು ಮಣ್ಣಿನಲ್ಲಿಯೇ. ಅದಲ್ಲದೆ ಕ್ರಿಮಿಯು ಸೀಸೆಯಲ್ಲಿ ಬಹು ದಿನ ಬೆಳೆದಿದ್ದರೆ ಮದ್ದಿಗೆ ದುರ್ಗಂಧ ಬರಬೇಕಾಗಿತ್ತು. ತೆರೆದಾಗ ಅಂಥ ವಾಸನೆಯೇನೂ ಇರಲಿಲ್ಲ. ಮಲೇರಿಯಾ ಸೊಳ್ಳೆಯಿಂದ ಹರಡುವದೆಂದು ತೋರಿಸಿಕೊಟ್ಟ ರೊನಾಲ್ಡ್ ರಾಸ್ ಮೊದಲಾದ ಪಂಡಿತರು 1907ರಲ್ಲಿ ಪತ್ರಿಕೆಗಳಲ್ಲಿ ಈ ವಾದವನ್ನು ಎಲ್ಲರಿಗೂ ಕಾಣುವಂತೆ ಎತ್ತಿಹಿಡಿದರು. ಆ ವರ್ಷದ ಕೊನೆಯಲ್ಲಿ ಸರಕಾರವು ಹಾಫ್ಕಿನನನ್ನು ದೋಷಮುಕ್ತನೆಂದು ಒಪ್ಪಿಕೊಂಡಿತು.

ಹಳ್ಳಿಯ ಜನರು ಸೂಜಿಯನ್ನು ಕಂಡು ಹೆದರಿದರೆ ಅದನ್ನು ಮೂಢತನವೆಂದವರು, ತಮ್ಮ ಕೆಲಸದಲ್ಲಿ ತಪ್ಪೊದಗಿದಾಗ ಸಾಕ್ಷ್ಯವನ್ನು ಸರಿಯಾಗಿ ಓದಲು ಐದು ವರ್ಷ ತೆಗೆದುಕೊಂಡರು. ನಂಬದೆ ಇದ್ದದು ಜನರ ತಪ್ಪೆಂದು ಹೇಳುವ ಮೊದಲು ಈ ಐದು ವರ್ಷಗಳನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲವೇ? ಆ ಸರಕಾರವನ್ನು ತಿದ್ದಿದ್ದು ಬೇರೆ ಯಾವ ಶಕ್ತಿಯೂ ಅಲ್ಲ, ಶಾಸ್ತ್ರದ ಸ್ವಂತ ರೀತಿಯೇ ಎಂಬದನ್ನು ಸಹ ಮರೆಯಬಾರದು. ಒಬ್ಬರು ಕೊಟ್ಟ ತೀರ್ಪನ್ನು ಮತ್ತೊಬ್ಬರು ಅದೇ ಕಾಗದಗಳಿಂದ ಪರೀಕ್ಷಿಸಿದರು.

ಹಾಫ್ಕಿನನು ಕಲಕತ್ತೆಗೆ ಮರಳಿ ಬಂದನು. ಆದರೆ ಜನರಿಗೆ ಮದ್ದು ಚುಚ್ಚಿ ಪರೀಕ್ಷಿಸುವ ಅಧಿಕಾರವನ್ನು ಆತನಿಗೆ ತಿರಿಗಿ ಕೊಡಲಿಲ್ಲ. ಆತನ ಮುಂಬಯಿಯ ಪ್ರಯೋಗಶಾಲೆಗೆ 1925ರಲ್ಲಿ ಹಾಫ್ಕಿನ್ ಸಂಸ್ಥೆಯೆಂದು ಹೆಸರಿಟ್ಟರು. ಆಗ ಆತನು ಹಿಂದೂದೇಶವನ್ನು ಬಿಟ್ಟು ಹೋಗಿ ಸುಮಾರು ಹತ್ತು ವರ್ಷಗಳಾಗಿದ್ದವು.