ಮಳೆಗೆ ನಲುಗಿದ ಹೂಗಿಡಗಳ ಆರೈಕೆ

ಕಾಸರಗೋಡಿನ ಶಾಲೆಗಳ ಅಂಗಳದಲ್ಲಿ ದಾಸವಾಳ, ಮಲ್ಲಿಗೆ, ನಂದಿಬಟ್ಟಲು ಮೊದಲಾದ ಬಹುವಾರ್ಷಿಕ ಗಿಡಗಳು ಸಾಮಾನ್ಯ. ಜೂನ್, ಜುಲೈ ತಿಂಗಳುಗಳ ಬಿರುಮಳೆ ಇಳಿದ ಬಳಿಕ ಇವುಗಳಲ್ಲಿ ಕೆಲವು ಎಲೆ ಹಳದಿಯಾಗಿ ಬಾಡಿ ನಿಲ್ಲುತ್ತವೆ. ಬುಡದಲ್ಲಿ ನೀರಿದ್ದೂ ಗಿಡ ಬಾಡುವುದೇಕೆ ಎಂಬ ಪ್ರಶ್ನೆಯಿಂದಲೇ ಪಾಠವನ್ನು ಆರಂಭಿಸಬಹುದು. ಮಣ್ಣಿನ ಸಂದುಗಳಲ್ಲಿ ನೀರು ತುಂಬಿದರೆ ಗಾಳಿಗೆ ಎಡೆಯಿಲ್ಲ. ಉಸಿರಾಡಲಾರದ ಬೇರು ನೀರನ್ನೂ ಹೀರಲಾರದು.

ಬಾಡಿದ ಗಿಡವನ್ನು ಸತ್ತಿತೆಂದು ಕಿತ್ತೆಸೆಯುವ ಆತುರ ಮಕ್ಕಳಿಗೆ (ಹಿರಿಯರಿಗೂ) ಸಹಜ. ಕೀಳುವ ಮುನ್ನ ಕೊಂಬೆಯ ತೊಗಟೆಯನ್ನು ಉಗುರಿನಿಂದ ಮೆಲ್ಲನೆ ಕೆರೆದು ನೋಡಲಿ. ಒಳಗೆ ಹಸುರಿದ್ದರೆ ಜೀವವಿದೆ. ಕಂದುಬಣ್ಣ ಕಂಡರೆ ಬುಡದ ಕಡೆಗೆ ಇಳಿಯುತ್ತ ಮತ್ತೆ ಪರೀಕ್ಷಿಸಬೇಕು.

ಮೊದಲು ಸಣ್ಣ ಕಾಲುವೆ ತೋಡಿ ನಿಂತ ನೀರನ್ನು ಹರಿಯಬಿಡಬೇಕು. ಕೆಸರನ್ನು ತುಳಿದರೆ ಮಣ್ಣು ಗಟ್ಟಿಯಾಗುವುದರಿಂದ ಹಲಗೆ ಹಾಸಿ ನಿಲ್ಲುವುದು ಲೇಸು. ಮಣ್ಣು ಕೊಚ್ಚಿಹೋಗಿ ಬಯಲಾದ ಬೇರುಗಳನ್ನು ಹೊಸ ಮಣ್ಣಿನಿಂದ ಮುಚ್ಚಬೇಕು. ವಾಲಿದ ಗಿಡಕ್ಕೆ ಆಧಾರದ ಕೋಲು ಕಟ್ಟಬೇಕು. ಮುರಿದ ರೆಂಬೆಗಳನ್ನು ಶಿಕ್ಷಕರೇ ಹರಿತವಾದ ಕತ್ತರಿಯಿಂದ, ಗಿಣ್ಣಿನ ತುಸು ಮೇಲೆ, ಓರೆಯಾಗಿ ಕತ್ತರಿಸಲಿ. ಗೊಬ್ಬರ ಈಗ ಬೇಡ. ಹೊಸ ಚಿಗುರು ಕಾಣುವವರೆಗೆ ಕಾಯಬೇಕು.

ಮಲಯಾಳ ಮನೆಮಾತಿನ ಮಕ್ಕಳು ದಾಸವಾಳವನ್ನು ‘ಚೆಂಬರತ್ತಿ’ ಎಂದರೆ ತಿದ್ದುವ ಅವಸರ ಸಲ್ಲದು. ಎರಡು ಹೆಸರುಗಳನ್ನೂ ಕರಿಹಲಗೆಯಲ್ಲಿ ಬರೆಯಬೇಕು. ಬಾಡು, ಸೊರಗು, ಒಣಗು ಎಂಬ ಕ್ರಿಯಾಪದಗಳ ಅರ್ಥಭೇದವನ್ನು ಗಿಡದೆದುರಿಗೇ ಚರ್ಚಿಸುವುದು ಉತ್ತಮ. ಮುಂದಿನ ಎರಡು ವಾರ ಪ್ರತಿ ಗುಂಪೂ ತನ್ನ ಗಿಡದ ದಿನಚರಿಯನ್ನು ಕನ್ನಡದಲ್ಲಿ ಬರೆಯಲಿ.