ಬಡಾವಣೆಯ ಜಾಗ ವಾಣಿಜ್ಯಕ್ಕೆ ಹೋಗುತ್ತಿದೆಯೇ? ಆಕ್ಷೇಪಣೆ ಹೀಗೆ ಸಲ್ಲಿಸಿ

ಪಕ್ಕದ ಖಾಲಿ ಜಾಗಕ್ಕೆ ಜೆಸಿಬಿ ಬಂದು ನಿಂತ ಮೇಲೆ ಎಚ್ಚೆತ್ತುಕೊಳ್ಳುವ ನಿವಾಸಿಗಳೇ ಹೆಚ್ಚು. ‘ಇದು ವಸತಿ ಪ್ರದೇಶ, ಇಲ್ಲಿ ಮಾಲ್ ಹೇಗೆ ಬರುತ್ತೆ? ನಮ್ಮನ್ನು ಯಾರೂ ಕೇಳಲೇ ಇಲ್ಲವಲ್ಲ’ ಎನ್ನುತ್ತಾರೆ. ಕೇಳಿರುತ್ತಾರೆ. ಪತ್ರಿಕೆಯ ಒಳಪುಟದಲ್ಲಿ, ಟೆಂಡರ್ ಪ್ರಕಟಣೆಗೂ ಕಳೆದುಹೋದ ಅಂಕಪಟ್ಟಿಯ ಜಾಹೀರಾತಿಗೂ ನಡುವೆ, ಸಣ್ಣ ಅಕ್ಷರದಲ್ಲಿ ಕೇಳಿರುತ್ತಾರೆ. ಉತ್ತರಿಸಲು ಸಾಮಾನ್ಯವಾಗಿ ಹದಿನೈದು ದಿನ ಕೊಟ್ಟಿರುತ್ತಾರೆ. ಆ ಹದಿನೈದು ದಿನದಲ್ಲಿ ಏನು ಮಾಡಬೇಕು ಎಂಬುದಷ್ಟೇ ಈ ಲೇಖನ.

ಕಾನೂನು ಎರಡು ಮಾತಿನಲ್ಲಿ

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ ಪ್ರಕಾರ ಪ್ರತಿ ನಗರಕ್ಕೂ ಒಂದು ಮಾಸ್ಟರ್ ಪ್ಲ್ಯಾನ್ ಇರುತ್ತದೆ. ಅದರ ನಕ್ಷೆಯಲ್ಲಿ ವಸತಿ ಪ್ರದೇಶಕ್ಕೆ ಹಳದಿ, ವಾಣಿಜ್ಯಕ್ಕೆ ನೀಲಿ, ಉದ್ಯಾನಕ್ಕೆ ಹಸಿರು ಬಣ್ಣ. ಹಳದಿ ಜಾಗವನ್ನು ನೀಲಿ ಮಾಡಬೇಕಾದರೆ ಸೆಕ್ಷನ್ 14ಎ ಅನ್ವಯ ಯೋಜನಾ ಪ್ರಾಧಿಕಾರವು ಸರ್ಕಾರದ ಪೂರ್ವಾನುಮೋದನೆ ಪಡೆಯಬೇಕು. ಬದಲಾವಣೆ ಸಾರ್ವಜನಿಕ ಹಿತಕ್ಕಾಗಿ ಇರಬೇಕು, ಬೇರೆ ಯಾವ ಕಾನೂನಿಗೂ ವಿರುದ್ಧ ಇರಬಾರದು, ಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೆದಿರಬೇಕು. ಈ ಮೂರನ್ನು ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಒಂದು: ಯಾವ ಬದಲಾವಣೆ ಎಂದು ತಿಳಿಯಿರಿ

ಭೂ ಪರಿವರ್ತನೆ ಮತ್ತು ಭೂ ಉಪಯೋಗ ಬದಲಾವಣೆಯನ್ನು ಓದುಗರು ಒಂದೇ ಎಂದುಕೊಂಡು ತಪ್ಪು ಕಚೇರಿಗೆ ಅಲೆಯುತ್ತಾರೆ. ಕೃಷಿ ಜಮೀನನ್ನು ಕೃಷಿಯೇತರ ಮಾಡುವುದು ಭೂ ಪರಿವರ್ತನೆ. ಅದು ಭೂ ಕಂದಾಯ ಕಾಯ್ದೆ 1964ರ ಸೆಕ್ಷನ್ 95ರಡಿ ಜಿಲ್ಲಾಧಿಕಾರಿಯ ಕೆಲಸ. ಮಾಸ್ಟರ್ ಪ್ಲ್ಯಾನ್‌ನಲ್ಲಿ ವಸತಿ ಎಂದಿರುವುದನ್ನು ವಾಣಿಜ್ಯ ಮಾಡುವುದು ಭೂ ಉಪಯೋಗ ಬದಲಾವಣೆ. ಅದರ ಅರ್ಜಿ ಯೋಜನಾ ಪ್ರಾಧಿಕಾರದಲ್ಲಿರುತ್ತದೆ. ಕಟ್ಟಡದ ನಕ್ಷೆ ಮಂಜೂರಾತಿ, ಟ್ರೇಡ್ ಲೈಸೆನ್ಸ್ ಇವೆರಡೂ ಬೇರೆಯೇ ವಿಷಯ. ತಹಶೀಲ್ದಾರ್ ಕಚೇರಿಯಲ್ಲಿ ನಾಲ್ಕು ದಿನ ಕಳೆದರೆ ಹದಿನೈದರಲ್ಲಿ ಹನ್ನೊಂದೇ ಉಳಿಯುತ್ತದೆ.

ಎರಡು: ಪ್ರಕಟಣೆಯನ್ನು ಅಕ್ಷರ ಬಿಡದೆ ಓದಿ

ಪ್ರಕಟಣೆಯಲ್ಲಿ ನಿಮ್ಮ ಬಡಾವಣೆಯ ಹೆಸರು ಇರುವುದೇ ಇಲ್ಲ ಎಂಬುದು ನೆನಪಿರಲಿ. ಹಳೆಯ ಗ್ರಾಮದ ಹೆಸರು, ಹೋಬಳಿ, ಸರ್ವೆ ನಂಬರ್, ಎಕರೆ-ಗುಂಟೆ, ‘ವಸತಿ ಉಪಯೋಗದಿಂದ ವಾಣಿಜ್ಯ ಉಪಯೋಗಕ್ಕೆ’ ಎಂಬ ಒಂದು ಸಾಲು, ಇಷ್ಟೇ. ನಿಮ್ಮ ಕ್ರಯಪತ್ರದ ಷೆಡ್ಯೂಲ್ ತೆರೆದು ನೋಡಿದರೆ ನಿಮ್ಮ ಬಡಾವಣೆ ಯಾವ ಗ್ರಾಮದ ಯಾವ ಸರ್ವೆ ನಂಬರಿನಲ್ಲಿ ಎದ್ದದ್ದು ಎಂದು ಗೊತ್ತಾಗುತ್ತದೆ. ಭೂಮಾಪನ ಇಲಾಖೆಯ ‘ದಿಶಾಂಕ್’ ಆ್ಯಪ್ ಹಾಕಿಕೊಂಡು ಆ ಜಾಗದ ಮುಂದೆ ನಿಂತರೆ ಸರ್ವೆ ನಂಬರ್ ಫೋನಿನಲ್ಲೇ ಕಾಣುತ್ತದೆ. ಎರಡೂ ತಾಳೆಯಾದರೆ ಮುಂದುವರಿಯಿರಿ.

ಪ್ರಕಟಣೆಯ ಕೆಳಗೆ ಯಾವ ಪ್ರಾಧಿಕಾರದ, ಯಾವ ಅಧಿಕಾರಿಯ ಪದನಾಮ ಇದೆಯೋ ಅವರಿಗೇ ಆಕ್ಷೇಪಣೆ ಹೋಗಬೇಕು. ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ ಹೀಗೆ ಊರೂರಿಗೂ ಪ್ರಾಧಿಕಾರ ಬೇರೆ. ಬೆಂಗಳೂರಿನಲ್ಲಂತೂ ಆಡಳಿತದ ಚೌಕಟ್ಟೇ ಬದಲಾಗುತ್ತಿರುವುದರಿಂದ ಹಳೆಯ ವಿಳಾಸ ನಂಬಬೇಡಿ. ದಿನದ ಲೆಕ್ಕ ಶುರುವಾಗುವುದು ಪ್ರಕಟಣೆ ಬಂದ ದಿನದಿಂದ, ನೀವು ನೋಡಿದ ದಿನದಿಂದ ಅಲ್ಲ. ಎರಡನೇ ಮತ್ತು ನಾಲ್ಕನೇ ಶನಿವಾರ ಸರ್ಕಾರಿ ಕಚೇರಿಗೆ ರಜೆ. ಗಡುವು ಅಲ್ಲಿಗೆ ಬಿದ್ದರೆ ಗುರುವಾರವೇ ಕೊಟ್ಟುಬಿಡಿ.

ಮೂರು: ಆಕ್ಷೇಪಣೆಯಲ್ಲಿ ಏನಿರಬೇಕು

‘ತುಂಬಾ ತೊಂದರೆಯಾಗುತ್ತದೆ, ದಯವಿಟ್ಟು ನಿಲ್ಲಿಸಿ’ ಎಂಬ ಪತ್ರ ಕಡತದಲ್ಲಿ ಕೂರುತ್ತದೆ, ಕೆಲಸ ಮಾಡುವುದಿಲ್ಲ. ಸೆಕ್ಷನ್ 14ಎ ಬದಲಾವಣೆಗೆ ಒಪ್ಪುವ ಕಾರಣಗಳು ಇವು: ನಕ್ಷೆಯಲ್ಲಿನ ತಪ್ಪು ಅಥವಾ ಬಿಟ್ಟುಹೋದದ್ದು, ಪ್ಲ್ಯಾನ್ ಜಾರಿಯಾಗುವಾಗ ಎದ್ದ ಅಗತ್ಯ, ಆಯಾ ಕಾಲದ ಪರಿಸ್ಥಿತಿ. ಅರ್ಜಿದಾರ ಇವುಗಳಲ್ಲಿ ಯಾವುದನ್ನು ಹೇಳುತ್ತಿದ್ದಾನೆ ಎಂದು ಕೇಳಿ. ಸಾರ್ವಜನಿಕ ಹಿತ ಎಲ್ಲಿದೆ ಎಂದು ಕೇಳಿ. ಉದಾಹರಣೆಗೆ:

‘ಸದರಿ ಸ್ವತ್ತಿನ ಮುಂದಿನ ರಸ್ತೆಯು ಮಂಜೂರಾದ ಬಡಾವಣೆ ನಕ್ಷೆಯಂತೆ 30 ಅಡಿ ಇದ್ದು, ಸ್ಥಳದಲ್ಲಿ ಅಳತೆ ಮಾಡಲಾಗಿ 26 ಅಡಿ ಮಾತ್ರ ಲಭ್ಯವಿದೆ. ಇದೇ ರಸ್ತೆಯಲ್ಲಿ ಶಾಲೆ ಇದೆ. ವಾಣಿಜ್ಯ ಬದಲಾವಣೆಯಿಂದ ಯಾವ ಸಾರ್ವಜನಿಕ ಹಿತ ಸಾಧನೆಯಾಗುತ್ತದೆ ಎಂಬುದು ಪ್ರಕಟಣೆಯಲ್ಲಿ ಇಲ್ಲ.’

ಇಷ್ಟು ಸಾಕು. ಟೇಪ್ ಹಿಡಿದು ರಸ್ತೆ ಅಳೆಯಿರಿ. ಬೆಳಿಗ್ಗೆ ಶಾಲೆಯ ಹೊತ್ತಿನ ಫೋಟೊ ತೆಗೆಯಿರಿ. ಒಳಚರಂಡಿ ಉಕ್ಕಿದಾಗ ಕೊಟ್ಟ ದೂರಿನ ಸಂಖ್ಯೆ, ಟ್ಯಾಂಕರ್‌ಗೆ ಹಣ ಕೊಟ್ಟ ರಸೀದಿ ಇದ್ದರೆ ಲಗತ್ತಿಸಿ. ನಿವೇಶನ ಪ್ರಾಧಿಕಾರವೇ ಹಂಚಿದ್ದಾದರೆ ಹಂಚಿಕೆ ಪತ್ರದಲ್ಲಿ ‘ವಾಸದ ಉದ್ದೇಶಕ್ಕೆ ಮಾತ್ರ’ ಎಂಬ ಷರತ್ತು ಇದೆಯೇ ನೋಡಿ. ಬೆಂಗಳೂರಿನವರು 2007ರಲ್ಲಿ ಜಾರಿಗೆ ಬಂದ 2015ರ ಪರಿಷ್ಕೃತ ಮಾಸ್ಟರ್ ಪ್ಲ್ಯಾನ್ ನೋಡಬೇಕು. 2031ರ ಕರಡು 2017ರಲ್ಲಿ ಹೊರಬಂದಿದ್ದರೂ ಅದನ್ನು ಹಿಂಪಡೆಯಲಾಯಿತು. ಅದರ ನಕ್ಷೆ ತೋರಿಸಿ ‘ಇದು ಆಗಲೇ ನೀಲಿ ಆಗಿದೆ’ ಎನ್ನುವ ದಲ್ಲಾಳಿಗಳಿದ್ದಾರೆ. ಕಿವಿಗೊಡಬೇಡಿ.

ಇನ್ನೊಂದು ಕಹಿ ಮಾತು. ಸ್ವಂತ ಮನೆಯ ಕೆಳಗೆ ಗೋಡೌನ್ ಬಾಡಿಗೆಗೆ ಕೊಟ್ಟವರು, ಅನುಮತಿ ಇಲ್ಲದೆ ಪಿ.ಜಿ. ನಡೆಸುವವರು ಮೊದಲ ಸಹಿ ಹಾಕಬಾರದು. ಎದುರು ಪಕ್ಷದವರು ಮೊದಲು ತೆಗೆಯುವ ಫೋಟೊ ಅದೇ. ‘ಇಲ್ಲಿ ಈಗಾಗಲೇ ವಾಣಿಜ್ಯ ನಡೆಯುತ್ತಿದೆ, ಪರಿಸ್ಥಿತಿ ಬದಲಾಗಿದೆ’ ಎಂಬ ವಾದಕ್ಕೆ ನಾವೇ ಸಾಕ್ಷಿ ಒದಗಿಸಿದಂತಾಗುತ್ತದೆ. ಜಾಗದ ಬೆಲೆ ಏರುತ್ತದೆಂದು ಒಳಗೊಳಗೇ ಖುಷಿಪಡುವ ನೆರೆಯವರೂ ಇರುತ್ತಾರೆ. ಅವರನ್ನು ಒಪ್ಪಿಸುತ್ತ ಕೂತರೆ ಗಡುವು ಮುಗಿಯುತ್ತದೆ.

ನಾಲ್ಕು: ಎಲ್ಲಿ ಕೊಡಬೇಕು, ಏನು ಪಡೆಯಬೇಕು

ಎಲ್ಲರೂ ಎಡವುವುದು ಇಲ್ಲೇ. ಕ್ಷೇಮಾಭಿವೃದ್ಧಿ ಸಂಘದವರು ಭಾನುವಾರ ಸಭೆ ಸೇರುತ್ತಾರೆ. ಇನ್ನೂರು ಸಹಿ ಸಂಗ್ರಹಿಸುತ್ತಾರೆ. ಶಾಸಕರ ಮನೆಗೆ ಹೋಗಿ ಮನವಿ ಪತ್ರ ಕೊಡುತ್ತಾರೆ, ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ಶಾಸಕರು ಅಧಿಕಾರಿಗೆ ಫೋನ್ ಮಾಡಿ ‘ನೋಡ್ರೀ, ಜನರಿಗೆ ತೊಂದರೆ ಆಗಬಾರದು’ ಎನ್ನುತ್ತಾರೆ. ಎಲ್ಲರೂ ನೆಮ್ಮದಿಯಿಂದ ಮನೆಗೆ ಬರುತ್ತಾರೆ. ಪ್ರಾಧಿಕಾರದ ಕಡತದಲ್ಲಿ ಮಾತ್ರ ಒಂದು ಆಕ್ಷೇಪಣೆಯೂ ಇರುವುದಿಲ್ಲ. ಸಭೆಯ ಟಿಪ್ಪಣಿಯಲ್ಲಿ ಒಂದೇ ಸಾಲು ಬೀಳುತ್ತದೆ: ‘ನಿಗದಿತ ಅವಧಿಯಲ್ಲಿ ಯಾವುದೇ ಆಕ್ಷೇಪಣೆ ಸ್ವೀಕೃತವಾಗಿಲ್ಲ.’ ಆಮೇಲೆ ಎಷ್ಟು ಕೂಗಾಡಿದರೂ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಶಾಸಕರ ಬಳಿ ಹೋಗಬೇಡಿ ಎನ್ನುತ್ತಿಲ್ಲ. ಮೊದಲು ಪ್ರಾಧಿಕಾರದ ಟಪಾಲು ವಿಭಾಗಕ್ಕೆ ಹೋಗಿ, ಆಮೇಲೆ ಬೇಕಾದರೆ ಅದರದೇ ಪ್ರತಿ ಶಾಸಕರಿಗೆ ಕೊಡಿ. ಟಪಾಲಿನಲ್ಲಿ ಹೀಗೆ ಮಾಡಿ. ಎರಡು ಪ್ರತಿ ಒಯ್ಯಿರಿ. ಪತ್ರದ ಮೇಲ್ಭಾಗದಲ್ಲೇ ಪ್ರಕಟಣೆಯ ಸಂಖ್ಯೆ, ದಿನಾಂಕ, ಬಂದ ಪತ್ರಿಕೆಯ ಹೆಸರು ಬರೆಯಿರಿ. ಎಷ್ಟು ಪುಟ ಲಗತ್ತು ಎಂದು ಮೊದಲ ಪುಟದಲ್ಲೇ ನಮೂದಿಸಿ, ಇಲ್ಲದಿದ್ದರೆ ಫೋಟೊಗಳು ಪತ್ರದಿಂದ ಕಳಚಿಹೋಗುತ್ತವೆ. ನಿಮ್ಮ ಪ್ರತಿಯ ಮೇಲೆ ಮೊಹರು, ಅದರೊಳಗೆ ದಿನಾಂಕ, ಪಕ್ಕದಲ್ಲಿ ಕೈಬರಹದ ಸ್ವೀಕೃತಿ ಸಂಖ್ಯೆ, ಮೂರೂ ಇರಬೇಕು. ದಿನಾಂಕ ಮಸುಕಾಗಿ ಬಿದ್ದಿದ್ದರೆ ಪೆನ್ನಿನಲ್ಲಿ ಬರೆಸಿಕೊಳ್ಳಿ. ‘ಇಟ್ಟು ಹೋಗಿ, ಸಾಹೇಬ್ರಿಗೆ ಕೊಡ್ತೀವಿ’ ಎಂದರೆ ಇಟ್ಟು ಬರಬೇಡಿ. ಅದೇ ದಿನ ಸ್ಪೀಡ್ ಪೋಸ್ಟ್‌ನಲ್ಲೂ, ಇ–ಮೇಲ್‌ನಲ್ಲೂ ಕಳಿಸಿ.

ಇನ್ನೂರು ಸಹಿಯ ಒಂದೇ ಪತ್ರಕ್ಕಿಂತ ಇಪ್ಪತ್ತು ಮನೆಯವರು ಬೇರೆ ಬೇರೆ ಕೊಟ್ಟ ಇಪ್ಪತ್ತು ಪತ್ರ ಮೇಲು. ಮೊದಲನೆಯದಕ್ಕೆ ಸ್ವೀಕೃತಿ ಸಂಖ್ಯೆ ಒಂದೇ, ಎರಡನೆಯದಕ್ಕೆ ಇಪ್ಪತ್ತು. ಜೆರಾಕ್ಸ್ ಮಾಡಿ ಹೆಸರಷ್ಟೇ ಬದಲಿಸಬೇಡಿ. ರಸ್ತೆಯ ಆರಂಭದವರು ಪಾರ್ಕಿಂಗ್ ಬಗ್ಗೆ ಬರೆಯಲಿ, ತಗ್ಗಿನಲ್ಲಿರುವವರು ಮಳೆನೀರಿನ ಬಗ್ಗೆ ಬರೆಯಲಿ. ಸಂಘದ ಹೆಸರಿನಲ್ಲೂ ಒಂದು ಪತ್ರ ಇರಲಿ, ಠರಾವಿನ ಪ್ರತಿ ಸಹಿತ.

ಐದು: ಮಾಹಿತಿ ಹಕ್ಕು

ಅರ್ಜಿದಾರನ ದಾಖಲೆ, ಪ್ರಾಧಿಕಾರದ ಸ್ಥಳ ಪರಿಶೀಲನಾ ವರದಿ, ಸಭೆಯ ನಡವಳಿ ಕೇಳಿ ಆರ್‌ಟಿಐ ಹಾಕಿ. ಶುಲ್ಕ 10 ರೂಪಾಯಿ. ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಉತ್ತರಕ್ಕೆ 30 ದಿನ, ಆಕ್ಷೇಪಣೆಗೆ 15. ಹಾಗಾಗಿ ಉತ್ತರಕ್ಕೆ ಕಾಯಬೇಡಿ. ಆಕ್ಷೇಪಣೆ ಕೊಟ್ಟು, ‘ದಾಖಲೆ ದೊರೆತ ನಂತರ ಹೆಚ್ಚುವರಿ ಆಕ್ಷೇಪಣೆ ಸಲ್ಲಿಸುವ ಹಕ್ಕನ್ನು ಕಾಯ್ದಿರಿಸಿಕೊಂಡಿದ್ದೇವೆ, ಖುದ್ದು ಅಹವಾಲಿಗೆ ಅವಕಾಶ ಕೊಡಿ’ ಎಂದು ಕೊನೆಯ ಸಾಲಿನಲ್ಲಿ ಬರೆಯಿರಿ.

ಆರು: ಮುಂದಿನ ಹಂತ

ಪ್ರಾಧಿಕಾರ ಒಪ್ಪಿದರೂ ಕಡತ ನಗರಾಭಿವೃದ್ಧಿ ಇಲಾಖೆಗೆ ಹೋಗಬೇಕು. ಸ್ವೀಕೃತಿ ಇರುವ ಪ್ರತಿಗಳನ್ನು ಅಲ್ಲಿಗೂ ಕಳಿಸಿ. ಅಲ್ಲೂ ಸೋತರೆ ಹೈಕೋರ್ಟ್‌ನಲ್ಲಿ ರಿಟ್ ಅರ್ಜಿ: ಬೆಂಗಳೂರು, ಧಾರವಾಡ, ಕಲಬುರಗಿ ಪೀಠಗಳಲ್ಲಿ ನಿಮ್ಮ ಜಿಲ್ಲೆ ಯಾವುದಕ್ಕೆ ಸೇರುತ್ತದೋ ಅಲ್ಲಿ. ‘ನೀವ್ಯಾರು ಕೇಳೋಕೆ?’ ಎಂಬ ಪ್ರಶ್ನೆಗೆ 1991ರಲ್ಲೇ ಉತ್ತರ ಸಿಕ್ಕಿದೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್‌ಗೆ ಕೊಟ್ಟಾಗ, ಅದನ್ನು ಪ್ರಶ್ನಿಸುವ ಹಕ್ಕು ಅಲ್ಲಿನ ನಿವಾಸಿಗಳಿಗಿದೆ ಎಂದು ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಂಚಿಕೆಯೂ ಉಳಿಯಲಿಲ್ಲ. ಕೋರ್ಟಿಗೆ ಹೋಗುವುದಾದರೆ ಕಟ್ಟಡ ಏಳುವ ಮೊದಲೇ ಹೋಗಿ.

ಯಾವ ಬದಲಾವಣೆಗೂ ಅರ್ಜಿಯೇ ಹಾಕದೆ ಮನೆಯ ನಕ್ಷೆಯಲ್ಲಿ ಶೋರೂಂ ಕಟ್ಟಿದ್ದರೆ ಅದು 14ಎ ವಿಷಯವಲ್ಲ. ಅದರ ದೂರು ಪಾಲಿಕೆಗೆ. ಮೀರತ್‌ನಲ್ಲಿ ವಸತಿ ನಿವೇಶನದಲ್ಲಿ ಎದ್ದಿದ್ದ ಅಂಗಡಿಗಳ ಪ್ರಕರಣದಲ್ಲಿ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೆರವಿನ ಆದೇಶವನ್ನು ಎತ್ತಿಹಿಡಿದು, ಅನಧಿಕೃತ ಕಟ್ಟಡದಲ್ಲಿ ವ್ಯಾಪಾರಕ್ಕೆ ಪರವಾನಗಿ ಕೊಡಬಾರದು ಎಂದು ಸ್ಥಳೀಯ ಸಂಸ್ಥೆಗಳಿಗೆ ನಿರ್ದೇಶಿಸಿದೆ. ದೂರಿನಲ್ಲಿ ಆ ತೀರ್ಪನ್ನು ಉಲ್ಲೇಖಿಸಿ, ಟ್ರೇಡ್ ಲೈಸೆನ್ಸ್ ಕೊಡುವ ಆರೋಗ್ಯಾಧಿಕಾರಿಗೂ ಒಂದು ಪ್ರತಿ ಕೊಡಿ.